ತೆಗೆಯದ ಮುಚ್ಚಳ

ಸೊಸೆ ಬೀದಿ ಬಾಗಿಲು ತೆಗೆಯುವುದಕ್ಕೂ ಅಡುಗೆಮನೆಯಲ್ಲಿ ಢಂ ಎನ್ನುವುದಕ್ಕೂ ಸರಿಹೋಯಿತು. ಚಪ್ಪಲಿ ಕಳಚುವುದನ್ನೂ ಮರೆತು ಅವಳು ಒಳಗೆ ಓಡಿದಳು. ಮೈಕ್ರೋವೇವಿನ ಬಾಗಿಲು ತೆರೆದುಕೊಂಡಿತ್ತು. ರಾತ್ರಿಗೆಂದು ಎತ್ತಿಟ್ಟಿದ್ದ ಅವಳ ಊಟದ ಡಬ್ಬಿಯಲ್ಲಿದ್ದ ಬಟಾಣಿ ಗೋಡೆಗೆ, ನೆಲಕ್ಕೆ, ಮಾವನ ಕನ್ನಡಕಕ್ಕೆಲ್ಲ ಸಿಡಿದಿತ್ತು. ಮಾವ ಆಗಲೇ ಮೊಣಕಾಲೂರಿ, ಹೆಗಲ ಮೇಲಿನ ಟವೆಲಿನಿಂದಲೇ ನೆಲ ಒರೆಸತೊಡಗಿದ್ದರು.

"ಸುಸ್ತಾಗಿ ಬರ್ತೀಯಲ್ಲ, ಬಿಸಿ ಮಾಡಿಡೋಣ ಅಂತ..." ಎಂದರು, ತಲೆ ಎತ್ತದೆ.

"ಬಿಗಿಯಾಗಿ ಮುಚ್ಚಿರೋ ಡಬ್ಬಿನ ಹಾಗೇ ಇಡ್ತಾರಾ ಮಾವ? ಒಳಗಿನ ಹಬೆ ಎಲ್ಲಿಗೆ ಹೋಗ್ಬೇಕು? ಸಿಡೀದೆ ಇನ್ನೇನಾಗುತ್ತೆ?" ಅವಳ ದನಿ ಏರುತ್ತಲೇ ಹೋಯಿತು. "ಮುಚ್ಚಳ ಒಂಚೂರು ತೆಗೆಯೋಕೆ ಏನಾಗಿತ್ತು ನಿಮಗೆ?"

ಮಾವ ಯಾವಾಗಲೂ ನಡುಗುವ ಕೈಯಲ್ಲೇ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿಕೊಂಡರು. "ನನ್ನ ಕೈ ತಾಗಿದ್ರೆ ನಿಂಗೆ ಊಟ ಸೇರಲ್ಲ ಅಲ್ವೇನಮ್ಮ. ಅದಕ್ಕೇ ಮುಚ್ಚಳದ ತಂಟೆಗೆ ಹೋಗ್ಲಿಲ್ಲ," ಎಂದರು. ಆ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕೊಂಕೂ ಇರಲಿಲ್ಲ.

'ಆ ನಡುಗೋ ಕೈಯಲ್ಲಿ ನನ್ನ ಡಬ್ಬಿ ತೆಗೆದು ನೋಡ್ತಾರೆ, ಊಟಾನೇ ಸೇರಲ್ಲ' ಎಂದವಳು ಸೊಸೆಯೇ. ಆದರೆ ಮಾವನ ಎದುರು ಅಂದಿರಲಿಲ್ಲ. ಗಂಡನ ಹತ್ತಿರ, ಕೋಣೆಗೆ ಚಿಲಕ ಹಾಕಿಕೊಂಡು, ದನಿ ತಗ್ಗಿಸಿ ಅಂದಿದ್ದಳು.

"ಸ್ವಲ್ಪ ಕಾಲೆತ್ತಮ್ಮ, ಜಾರೀಯ," ಎನ್ನುತ್ತ ಮಾವ ಮತ್ತೆ ಬಗ್ಗಿ, ಅವಳ ಚಪ್ಪಲಿಗೆ ಮೆತ್ತಿದ್ದ ಬಟಾಣಿಯತ್ತ ಟವೆಲು ಚಾಚಿದರು.