ಕತ್ತರಿ ಬಿದ್ದ ಬಟ್ಟೆ

ಜಟಕಾ ಬಾಗಿಲಿಗೆ ಬಂದು ನಿಲ್ಲುವುದಕ್ಕೂ ಎರ್ರಮ್ಮ ತಮ್ಮನ ಪೆಟ್ಟಿಗೆಯಿಂದ ಕತ್ತರಿ ಎತ್ತಿಕೊಳ್ಳುವುದಕ್ಕೂ ಸರಿಹೋಯಿತು.

"ಅಕ್ಕಾ, ಕೆಳಗ ಇಡು!" ಉಜ್ಜಿನಪ್ಪ ಒಂದು ಕಾಲಿಗೆ ಬೂಟು ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಕುಂಟುತ್ತಾ ಓಡಿಬಂದ. "ಈ ವಾರ ನಾ ಹೋಗಲೇಬೇಕು."

"ಹೋಗಪ್ಪ, ಯಾರು ಬ್ಯಾಡ ಅಂದ್ರು?" ಎಂದಳು ಎರ್ರಮ್ಮ, ಕತ್ತರಿಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು.

ರಂಗೂನಿನಲ್ಲಿ ಹನ್ನೊಂದು ವರ್ಷ ಕೋಟು ಹೊಲಿದ ಉಜ್ಜಿನಪ್ಪ ರಾಯದುರ್ಗಕ್ಕೆ ಬಂದದ್ದು ಹದಿನೈದು ದಿನಕ್ಕೆಂದು. ಒಂದೂವರೆ ತಿಂಗಳಾಗಿತ್ತು. ಮದರಾಸಿನಿಂದ ಹಡಗು ವಾರಕ್ಕೊಮ್ಮೆ. ಅದನ್ನು ಹಿಡಿಯಲು ಇಲ್ಲಿ ಗುರುವಾರದ ಬಳ್ಳಾರಿ ರೈಲು ಹತ್ತಬೇಕು. ಅಂಥ ನಾಲ್ಕು ಗುರುವಾರ ತಪ್ಪಿಹೋಗಿದ್ದವು. ತಪ್ಪು ಅವನಿಗೆ ಕೆಲಸ ಕಲಿಸಿದ ಮುದುಕ ಕಾಟಪ್ಪನದು. ಯಾರ ಕೈಯಿಂದಲೇ ಆಗಲಿ, ತನ್ನ ಕತ್ತರಿ ಬಿದ್ದ ಬಟ್ಟೆಯನ್ನು ಹೊಲಿದು ಮುಗಿಸದೆ ದರ್ಜಿ ಊರ ಗಡಿ ದಾಟಬಾರದೆಂದು ಅವನು ಮಶೀನಿನ ಮೇಲೆ ಕೈಯಿಡಿಸಿ ಆಣೆ ಮಾಡಿಸಿದ್ದ. ಆ ಆಣೆ ಬೀದಿಗೆಲ್ಲ ಗೊತ್ತಿತ್ತು. ಮೊದಲ ಗುರುವಾರ ಎರ್ರಮ್ಮ "ಹಿಂಗ ಕತ್ತರಿಸ್ತಾರೇನೋ?" ಎಂದು ಹೊಸ ಖಣಕ್ಕೆ ಕಚಕ್ ಎನ್ನಿಸಿಬಿಟ್ಟಳು. ಮೂರನೆಯ ವಾರ ಎದುರುಮನೆಯವರ ಲಂಗ. ನಾಲ್ಕನೆಯ ವಾರ ದಿಂಬಿನ ಗವಸು. ನಡುವೆ ಎರಡನೆಯ ವಾರ ಜಟಕಾ ಹೊಡೆಯುವ ಸಣ್ಣಬಸಪ್ಪನೇ ಕೆಂಪು ಬಟ್ಟೆಯೊಂದನ್ನು ಹಿಡಿದು ಬಂದ. ಈಗ ಅವನ ಕುದುರೆ, ಕಿವಿಗೆ ಎರಡು ತೂತಿರುವ ಕೆಂಪು ಟೊಪ್ಪಿಗೆ ಹಾಕಿಕೊಂಡು, ತಾನೇ ಕಲೆಕ್ಟರ್ ಸಾಹೇಬನೆಂಬಂತೆ ಬಾಗಿಲಲ್ಲಿ ತಲೆಯಾಡಿಸುತ್ತಿತ್ತು.

"ನನ್ನ ಸಂಕಟ ನಿನಗ ತಿಳಿಯಂಗಿಲ್ಲ ಬಿಡಕ್ಕ. ಚಿಕ್ಕತಿಮ್ಮಯ್ಯನ ಕೋಟು ಅಲ್ಲಿ ಗೂಟಕ್ಕ ತೂಗಾಡಾಕತ್ತೈತಿ. ಕತ್ತರಿ ಹಾಕೀನಿ, ಹೊಲಿಗಿ ಹಾಕಿಲ್ಲ."

ಚಿಕ್ಕತಿಮ್ಮಯ್ಯ ಮಡಕಶಿರಾ ಕಡೆಯವನು. ರಂಗೂನಿನಲ್ಲಿ ಪಕ್ಕದ ಮಶೀನಿನವನು, ಒಂದೇ ಒಲೆಯ ಮುದ್ದೆ ಹಂಚಿಕೊಂಡವನು. 'ಊರಿಗೆ ಹೋದೋನು ನೀನು ತಿರುಗಿ ಬರಾಕಿಲ್ಲ' ಎಂದು ಅವನು ಮುಖ ಸಣ್ಣ ಮಾಡಿಕೊಂಡಾಗ, ಉಜ್ಜಿನಪ್ಪ ಅವನೆದುರಿಗೇ ಅವನ ಕೋಟಿನ ಬಟ್ಟೆ ಕತ್ತರಿಸಿ, ಹಾಗೇ ಬಿಟ್ಟು ಹಡಗು ಹತ್ತಿದ್ದ. ಆಣೆ ಮುರಿದದ್ದು ಜನ್ಮದಲ್ಲಿ ಅದೊಂದೇ ಸಲ, ತಿರುಗಿ ಹೋಗಲೇಬೇಕಾಗಲಿ ಎಂದು.

"ಕೋಟಿಂದು ಬಿಡು. ನಿನಗ ಏನು ಬೇಕು?" ಎಂದಳು ಎರ್ರಮ್ಮ.

ಉಜ್ಜಿನಪ್ಪ ಜಗಲಿಯ ಕಡೆ ನೋಡಿದ. ಅವನು ಬಂದ ಮರುದಿನವೇ ಅಕ್ಕ ತನ್ನ ಮಂಚವನ್ನು ಅಡಿಗೆಮನೆಗೆ ಸಾಗಿಸಿ, ಬೆಳಕು ಚೆನ್ನಾಗಿ ಬೀಳುವ ಆ ಜಾಗವನ್ನು ಅವನ ಮಶೀನಿಗೆ ಬಿಟ್ಟಿದ್ದಳು. ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಉಜ್ಜಿನಪ್ಪ ಕೈಯಲ್ಲಿದ್ದ ಬೂಟನ್ನು ತಿರುಗಿಸಿ ತಿರುಗಿಸಿ ನೋಡಿದ.

"ಅಣ್ಣಾರ, ರೈಲಿಗೆ ಹೊತ್ತಾತ್ರಿ," ಎಂದ ಸಣ್ಣಬಸಪ್ಪ, ಕುದುರೆಯ ಮುಂದೆ ಇನ್ನೊಂದು ಹಿಡಿ ಹುಲ್ಲು ಹಾಕುತ್ತಾ.

ಮನೆಯಲ್ಲಿ ಕತ್ತರಿಸದ ಬಟ್ಟೆಯ ಚೂರೂ ಉಳಿದಿರಲಿಲ್ಲ. ಎರ್ರಮ್ಮ ಸುತ್ತ ನೋಡಿದಳು. ಆಮೇಲೆ ತಾನು ಉಟ್ಟ ಸೀರೆಯ ಸೆರಗನ್ನೇ ಮುಂದಕ್ಕೆಳೆದು ಕತ್ತರಿಯ ಬಾಯಿಗೆ ಕೊಟ್ಟಳು.

"ಅಕ್ಕಾ! ಉಟ್ಟ ಸೀರಿ!"

"ಉಟ್ಟದ್ದಾದ್ರ ಬಟ್ಟಿ ಅಲ್ಲೇನು?"

ಅವನು ಕಸಿಯಲು ಹೋದ, ಅವಳು ತಪ್ಪಿಸಿಕೊಂಡಳು. ಐವತ್ತು ದಾಟಿದ ಅಕ್ಕ ಮುಂದೆ, ಒಂಟಿ ಬೂಟಿನ ತಮ್ಮ ಹಿಂದೆ, ಜಟಕಾವನ್ನು ಎರಡು ಸುತ್ತು ಹಾಕಿದರು. ಕುದುರೆ ಬೆದರಿ ಟೊಪ್ಪಿಗೆ ಕಣ್ಣಿನ ಮೇಲೆ ಜಾರಿತು. ಎರ್ರಮ್ಮ ನಗು ತಡೆಯಲಾರದೆ ಚಕ್ರಕ್ಕೆ ಒರಗಿ ಕುಳಿತಳು. ಉಜ್ಜಿನಪ್ಪನೂ ಹೊಟ್ಟೆ ಹಿಡಿದುಕೊಂಡು ಅವಳ ಪಕ್ಕದಲ್ಲೇ ಕುಸಿದ.

"ನಿಮ್ಮ ಗದ್ದಲದಾಗ ಮರ್ತೇಬಿಟ್ಟಿದ್ದೆ ನೋಡ್ರಿ!" ಸಣ್ಣಬಸಪ್ಪ ಸೀಟಿನ ಕೆಳಗಿನಿಂದ ಒಂದು ಗಂಟು ಎಳೆದ. "ಪೋಸ್ಟಾಫೀಸಿನಾಗ ಕೊಟ್ರು. ರಂಗೂನಿನ ಮುದ್ರಿ ಐತಂತ್ರಿ."

ಎರ್ರಮ್ಮನ ಕೈಯ ಕತ್ತರಿಯಿಂದಲೇ ಹುರಿ ಕತ್ತರಿಸಿದರು. ಒಳಗೆ ಮಡಿಸಿಟ್ಟ ಕಪ್ಪು ಬಟ್ಟೆ. ಉಜ್ಜಿನಪ್ಪ ಎಳೆದ ಸೀಮೆಸುಣ್ಣದ ಗೆರೆಗಳು ಇನ್ನೂ ಹಾಗೇ ಇದ್ದವು. ಚಿಕ್ಕತಿಮ್ಮಯ್ಯನ ಕೋಟು! ಮೇಲೊಂದು ಕಾಗದ. ಉಜ್ಜಿನಪ್ಪ ಗಟ್ಟಿಯಾಗಿ ಓದಿದ:

"ಉಜ್ಜಿನಣ್ಣಾ, ನಿನ್ನ ಕಾಗದದಾಗೆ ಬರ್ತೀನಿ ಅಂಬೋದು ಒಂದೇ ಸಾಲು. ಜೋಳದ ರೊಟ್ಟಿ, ಟೊಪ್ಪಿಗೆ ಹಾಕಿದ ಕುದುರೆ, ನಿಮ್ಮಕ್ಕ, ಇವೇ ಮೂರು ಪುಟ. ನಂಗೂ ಓದಾಕೆ ಬರ್ತದೆ. ಕೋಟು ಕಳಿಸಿದೀನಿ, ಅಲ್ಲೇ ಹೊಲಿ. ಕಾಟಪ್ಪನ ಆಣೆಗೂ ಮೋಸ ಇಲ್ಲ, ನೀನು ತಿರುಗಿ ಬರಾಕಿಲ್ಲ ಅಂದಿದ್ದ ನನ್ನ ಮಾತಿಗೂ ಮೋಸ ಇಲ್ಲ."

ಉಜ್ಜಿನಪ್ಪ ಕೈಯಲ್ಲಿದ್ದ ಬೂಟನ್ನು ಮೇಲಕ್ಕೆ ಎಸೆದ. ಅದು ಹೆಂಚಿನ ಮೇಲೆ ಹೋಗಿ ಕುಳಿತಿತು. ಜಗಲಿಯ ಮೇಲೆ ಬಟ್ಟೆ ಹರಡಿ ಒಂದೊಂದಾಗಿ ಜೋಡಿಸಿದ: ಬೆನ್ನು, ಎರಡು ಎದೆ, ಕಾಲರು, ಬಲತೋಳು. ಗಂಟನ್ನು ಕೊಡವಿದ. ಮತ್ತೊಮ್ಮೆ ಕೊಡವಿದ.

"ಎಡತೋಳು ಎಲ್ಲಿ?"

ಕಾಗದ ತಿರುಗಿಸಿದ. ಹಿಂಭಾಗದಲ್ಲಿ ಎರಡೇ ಸಾಲು: "ಎಡತೋಳು ನನ್ನ ತಾವ ಐತೆ. ಕಡ್ಲೆಕಾಯಿ ಕೀಳೋ ಹೊತ್ತಿಗೆ ನಾನೇ ತರ್ತೀನಿ. ಅದನ್ನೂ ಹೊಲಿದು ಮುಗಿಸೋಗಂಟ ಊರ ಗಡಿ ದಾಟೀಯ, ಹುಷಾರು!"

ಸಣ್ಣಬಸಪ್ಪ ಯಾರನ್ನೂ ಕೇಳದೆ ಟ್ರಂಕು ಇಳಿಸಿದ. ದೂರದಲ್ಲಿ ಬಳ್ಳಾರಿ ರೈಲು ಕೂಗಿತು.

ಸಂಜೆಗೆ, ಎಡತೋಳೊಂದು ಬಿಟ್ಟು ಹೊಲಿಗೆಯಾದ ಆ ಕೋಟು ಜಗಲಿಯ ಗೂಟಕ್ಕೆ ಏರಿತ್ತು. ಎದುರುಮನೆಯವರು "ಮತ್ತ ರಂಗೂನಿಗೆ ಯಾವಾಗ್ರಿ?" ಎಂದು ಕೂಗಿದಾಗ ಎರ್ರಮ್ಮ ಎದ್ದು ಜಗಲಿಗೆ ಬಂದಳು. ಕೋಟಿನ ಹಿಂದೆ ನಿಂತು, ತೋಳಿಲ್ಲದ ಕಡೆಯಿಂದ ತನ್ನ ಕೈ ತೂರಿಸಿ, ಬಳೆ ಆಡಿಸಿ ತೋರಿಸಿದಳು.