ಅತ್ತೆಯ ಹೆಸರು

ಗಿರಣಿಯ ಮಧ್ಯಾಹ್ನದ ಭೋಂಗಾ ಕೂಗಿ ನಿಂತಿತು. ಗೋಕಾಕ ಫಾಲ್ಸಿನ ಗಿರಣಿ ಚಾಳಿನವರಿಗೆಲ್ಲ ಅದು ಪಾಳಿ ಬದಲಾಗುವ ಸದ್ದಾದರೆ ಸುಂದ್ರವ್ವನಿಗೆ ಅತ್ತೆ ಉದ್ದವ್ವನ ಔಷಧದ ಹೊತ್ತು. ಆದರೆ ಇವತ್ತು ಅವಳು ಗೂಡಿನಲ್ಲಿದ್ದ ಶೀಶೆಗೆ ಕೈ ಹಾಕದೆ, ಮಲಗಿದ್ದ ಅತ್ತೆಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂತೇ ಇದ್ದಳು.

"ಯಾಕ ಕುಂತಿ? ಭೋಂಗಾ ಆದಕೂಡ್ಲೆ ಕುಡಸಬೇಕಂತ ನೀನ ಹೇಳಿದ್ದಿ," ಎಂದಳು ಕಾಶೆವ್ವ. ಅವಳು ಉದ್ದವ್ವನ ತಂಗಿ; ಅಕ್ಕನನ್ನು ನೋಡಲು ಮೇಲವಂಕಿಯಿಂದ ಬೆಳಿಗ್ಗೆಯಷ್ಟೇ ಬಂದಿದ್ದಳು. ಸೊಸೆ ಏಳದ್ದು ಕಂಡು ತಾನೇ ಶೀಶೆ ಇಳಿಸಿ ಬೂಚು ತೆಗೆದಳು.

ಎದೆಯ ಗಂಟು ಒಡೆದು ಹುಣ್ಣಾದಾಗಿನಿಂದ ಉದ್ದವ್ವ ಕಂಬಳಿಯ ಅಂಚು ಕಚ್ಚಿ ದಿನ ನೂಕುತ್ತಿದ್ದಳು. ಗೋಕಾಕದ ಡಾಕ್ಟರ್ ಅಣ್ಣಾಸಾಹೇಬರ ಔಷಧ ಹದಿನೈದು ದಿನದಲ್ಲಿ ಅವಳನ್ನು ಎಬ್ಬಿಸಿ ಕೂರಿಸಿತ್ತು. ಮೊನ್ನೆ ಒಲೆಯ ಮುಂದೆ ಕೂತು ಎರಡು ರೊಟ್ಟಿ ಬಡಿದು, ಸೊಸೆಯ ರೊಟ್ಟಿ ದಪ್ಪ ಎಂದು ಆಡಿಕೊಂಡೂ ಇದ್ದಳು. ಶೀಶೆಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ, ಒಂದು ಹೊತ್ತಿಗೆ ಒಂದೇ ಹಲ್ಲಿನಷ್ಟು ಔಷಧ ಎಂದಿದ್ದರು ಡಾಕ್ಟರು. ನೋವು ಏರುವ ತನಕ ಕಾಯದೆ ಹೊತ್ತಿಗೆ ಸರಿಯಾಗಿ ಕೊಡಬೇಕು. ಆದರೆ ಕೊಡುವ ಮುಂಚೆ ಹೊಟ್ಟೆಯ ಮೇಲೆ ಕೈ ಇಟ್ಟು ನೋಡಬೇಕು. ನೀವು ಮೂರು ಸಲ ಉಸಿರಾಡುವಷ್ಟರಲ್ಲಿ ಆಕೆ ಒಂದೇ ಸಲ ಆಡಿದರೆ ಶೀಶೆ ಮುಟ್ಟದೆ ಆಕೆಯನ್ನು ಎಬ್ಬಿಸಿ, ನನಗೆ ಹೇಳಿ ಕಳಿಸಬೇಕು ಎಂದೂ ಹೇಳಿದ್ದರು. ಎದುರಿಗೆ ಕೂತು ಹೂಂಗುಟ್ಟಿದವರೆಲ್ಲ ಇದನ್ನು ಮರೆತಿದ್ದರು. ಬಾಗಿಲ ಮರೆಯಲ್ಲಿ ನಿಂತು ಕೇಳಿದ ಸುಂದ್ರವ್ವ ಮರೆತಿರಲಿಲ್ಲ. ಮೂರನೇ ಇಯತ್ತೆಗೇ ಸಾಲಿ ಬಿಟ್ಟವಳು, ನಾಲ್ಕು ಜನರ ಮುಂದೆ ತುಟಿ ಬಿಚ್ಚದವಳು ಅವಳು. ಕಣ್ಣು ಕಿವಿ ಮಾತ್ರ ಸದಾ ತೆರೆದಿರುತ್ತಿದ್ದವು.

ಈಗ ಅವಳ ಮೂರು ಉಸಿರಿಗೆ ಅತ್ತೆಯದು ಒಂದು, ಅದೂ ಗೊರಗೊರ. ರೆಪ್ಪೆ ಎತ್ತಿ ನೋಡಿದರೆ ಕಣ್ಣಿನ ಕರಿಬೊಟ್ಟು ಸಾಸಿವೆಯಷ್ಟಾಗಿತ್ತು.

"ಸಣ್ಣತ್ತಿ, ನಾ ನೀರಿಗೆ ಹೋದಾಗ ಇವ್ರಿಗೆ ಏನರ ತಿನಿಸಿದ್ರಿ?"

ತಿನ್ನಿಸಿದ್ದನ್ನು ಕಾಶೆವ್ವ ಮುಚ್ಚಿಡಲಿಲ್ಲ. ಹುಣ್ಣು ತೊಳೆಯುವಾಗ ಅಕ್ಕ ಮುಖ ಕಿವುಚಿದ್ದನ್ನು ನೋಡಲಾರದೆ, ಕಡಲೆಯಷ್ಟು ಅಫೀಮನ್ನು ಬೆಲ್ಲದಲ್ಲಿ ಇಟ್ಟು ಕೊಟ್ಟಿದ್ದಳಂತೆ. ಹೊಲಕ್ಕೆ ಹೋಗುವಾಗ ಕೂಸುಗಳಿಗೆ ಎಳ್ಳಿನಷ್ಟು ನೆಕ್ಕಿಸಿ ಮಲಗಿಸಿದ ಕೈ ಅದು. ಕೂಸಿಗೆ ಎಳ್ಳಾದರೆ ದೊಡ್ಡವರಿಗೆ ಕಡಲೆ ಎಂದುಕೊಂಡಿದ್ದಳು. "ನೋಡು, ಎಷ್ಟ ಚಂದ ನಿದ್ದಿ ಹತ್ತೇತಿ. ಮ್ಯಾಲ ಇದೂ ಬಿದ್ರ ಸಂಜಿತನಾ ಹಾಯಾಗಿ ಇರತಾಳ."

"ಆ ಶೀಶೆದಾಗೂ ಅಫೀಮ ಐತ್ರಿ, ಡಾಕ್ಟರ ಹೇಳ್ಯಾರ," ಎಂದಳು ಸುಂದ್ರವ್ವ. ಹಿರಿಯರ ಕೈಯಿಂದ ಎಂದೂ ಏನನ್ನೂ ಕಸಿದುಕೊಂಡವಳಲ್ಲ, ಅಂದು ಕಸಿದುಕೊಂಡು ಜಂತಿಯ ಮೇಲಿಟ್ಟಳು. ಪಾಳಿ ಮುಗಿಸಿ ಹೊಸ್ತಿಲು ತುಳಿಯುತ್ತಿದ್ದ ಗಂಡ ಲಗಮಪ್ಪನನ್ನು ಹಾಗೇ ಗೋಕಾಕಕ್ಕೆ ಓಡಿಸಿದಳು.

ಅತ್ತೆಯನ್ನು ಮಗ್ಗುಲಿಗೆ ಹೊರಳಿಸಿ, ಭುಜ ಹಿಡಿದು ಅಲುಗಿಸಿ, ಅತ್ತೀ ಅತ್ತೀ ಎಂದಳು. ದಿನಕ್ಕೆ ನೂರು ಸಲ ಕೇಳಿದ ಆ ಮಾತಿಗೆ ಕಿವಿ ಎಚ್ಚರಾಗಲಿಲ್ಲ. ಕಾಶೆವ್ವ ಅಕ್ಕಾ ಎಂದು ಅತ್ತದ್ದೂ ಮುಟ್ಟಲಿಲ್ಲ. ಸೊಸೆಯಾದವಳು ಅತ್ತೆಯ ಹೆಸರು ಎತ್ತುವ ರೂಢಿ ಆ ಸೀಮೆಯಲ್ಲೇ ಇರಲಿಲ್ಲ. ಓಣಿಯಲ್ಲಿದ್ದ ಇನ್ನೊಬ್ಬ ಉದ್ದವ್ವನನ್ನೂ ಸುಂದ್ರವ್ವ "ನಮ್ಮತ್ತಿ ಹೆಸರಿನವರು" ಎಂದೇ ಹೇಳುತ್ತಿದ್ದಳು. ಅವಳೀಗ ಕಿವಿಯ ಹತ್ತಿರ ಬಗ್ಗಿ, ಚಾಳೆಲ್ಲ ಕೇಳುವಂತೆ ಕೂಗಿದಳು.

"ಉದ್ದವ್ವಾ! ಏ ಉದ್ದವ್ವಾ, ಏಳು!"

ಎದೆ ಒಮ್ಮೆ ಮೇಲೆದ್ದಿತು. ರೆಪ್ಪೆ ನಡುಗಿ ಅರ್ಧ ತೆರೆಯಿತು.

"ಯಾರಕಿ, ನನ್ನ ಹೆಸರ ಹಿಡದಾಕಿ?"

"ನಿಮ್ಮ ಸೊಸಿ ರೀ. ಉಸಿರ ಎಳೀರಿ."

"ಸೊಕ್ಕ ಬಂದೈತಿ ನಿನಗ."

ಬೈಯಬೇಕಾದರೆ ಉಸಿರು ಬೇಕು. ಸುಂದ್ರವ್ವನಿಗೆ ಅಷ್ಟೇ ಸಾಕಿತ್ತು. ರೆಪ್ಪೆ ಮುಚ್ಚಿದಾಗಲೆಲ್ಲ ಮತ್ತೆ ಹೆಸರು ಕೂಗಿದಳು. ಬಾಗಿಲಲ್ಲಿ ನೆರೆದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಅವಳು ತಿರುಗಿ ನೋಡಲಿಲ್ಲ. ಅಣ್ಣಾಸಾಹೇಬರು ಟಾಂಗಾದಿಂದ ಇಳಿಯುವ ಹೊತ್ತಿಗೆ ಉದ್ದವ್ವನ ಬೈಗುಳ ಸೊಸೆಯ ತವರುಮನೆಯ ತನಕ ಮುಟ್ಟಿತ್ತು.

ಡಾಕ್ಟರು ಗಡಿಯಾರ ಹಿಡಿದು ಉಸಿರು ಎಣಿಸುತ್ತ, ಅಪಾಯ ದಾಟುವ ತನಕ ಅಲ್ಲೇ ಕೂತರು. ಶೀಶೆಯನ್ನು ಹೊಳೆಗೆ ಒಗೆಯಿರಿ ಎಂದು ಕಾಶೆವ್ವ ಅತ್ತಾಗ, ತಪ್ಪು ಶೀಶೆಯದಲ್ಲ, ಬೆಳಗಿನ ಔಷಧದ ಮೇಲೆ ಅಫೀಮೂ ಬಿದ್ದದ್ದು ಎಂದರು. ಪೂರಾ ಎಚ್ಚರಾಗಿ ಉಸಿರು ಸರಿಯಿದ್ದರೆ ನಾಳೆ ಮತ್ತೆ ಅದೇ ಒಂದು ಹಲ್ಲು. ಕಾಶೆವ್ವ ಸೊಂಟದ ಚೀಲದಿಂದ ಅಫೀಮಿನ ಪುಡಿಕೆ ಬಿಚ್ಚಿ ಅವರ ಕೈಗೆ ಹಾಕಿದಳು.

ಮರುದಿನ ಭೋಂಗಾ ಆದಾಗ ಉದ್ದವ್ವ ಮತ್ತೆ ಕಂಬಳಿಯ ಅಂಚು ಹಿಡಿದಿದ್ದಳು. ಸುಂದ್ರವ್ವ ಹೊಟ್ಟೆಯ ಮೇಲೆ ಕೈ ಇಟ್ಟು ನೋಡಿ, ಒಂದು ಹಲ್ಲು ಬಗ್ಗಿಸಿಕೊಂಡು, ತಲೆ ತಗ್ಗಿಸಿ ಅತ್ತೀ ಎಂದಳು. ಉದ್ದವ್ವ ಬಾಯಿ ತೆರೆಯಲಿಲ್ಲ.

"ಹಂಗಲ್ಲ. ನಿನ್ನಿ ಕರದಂಗ ಕರಿ. ನಾ ಓ ಅಂದ್ರ ಕುಡಸು. ಅನ್ನಲಿಲ್ಲಂದ್ರ ಶೀಶೆ ಜಂತಿ ಮ್ಯಾಲಿಡು."

ಅಂದಿನಿಂದ ಗಿರಣಿಯ ಭೋಂಗಾ ನಿಂತ ಮೇಲೆ ಚಾಳಿನಲ್ಲಿ ಇನ್ನೊಂದು ಕೂಗು ಏಳತೊಡಗಿತು. ನೀರು ತರುವ ಹೆಂಗಸರು ತುಂಬಿದ ಕೊಡ ಹೊತ್ತು ಆ ಬಾಗಿಲ ಮುಂದೆ ನಿಲ್ಲುತ್ತಿದ್ದರು, ಒಳಗಿನಿಂದ "ಓ" ಬರುವ ತನಕ.