ಮಾಳಿಗೆಯೆತ್ತರದ ಮೈದಾನ

ಬೆಟಗೇರಿಯ ಕಬಡ್ಡಿ ಮೈದಾನ ಮಾಳಿಗೆಗಳ ಎತ್ತರದಲ್ಲಿ ತೇಲುತ್ತಿದ್ದುದು ಊರವರ ಕೂಗಿನಿಂದ. ಆ ಸಂಜೆ ಮಾತ್ರ ಮಾಳಿಗೆಗಳ ಮೇಲೆ ಕೂತವರು ಯಾರೂ ಬಾಯಿ ತೆರೆಯಲಿಲ್ಲ. "ಈ ಊರಿನವರಿಗೆ ಆಟ ತಿಳಿಯೋದಿಲ್ಲ, ಬರೀ ಗದ್ದಲ" ಎಂದು ಊರ ತಂಡದ ಮ್ಯಾನೇಜರ್ ಟೀವಿಯಲ್ಲಿ ಹೇಳಿದ್ದಕ್ಕೆ, ಇನ್ನು ಕೂಗುವುದಿಲ್ಲವೆಂದು ಎಲ್ಲರೂ ಮಾತಾಡಿಕೊಂಡಿದ್ದರು.

"ಗದ್ದಲ ಇಲ್ದ ಹೆಂಗ ತೇಲ್ತದ ನೋಡೂಣು," ಎಂದಳು ನೆರೆಮನೆಯ ಶಾಂತವ್ವ.

ಶೇಂಗಾ ಸುಲಿಯುತ್ತಿದ್ದ ನೀಲವ್ವ ಹೂಂಗುಟ್ಟಿದಳು. ಕಣ್ಣು ಮಾತ್ರ ಮೈದಾನದಲ್ಲಿದ್ದ ಮಗಳು ದಾನೇಶ್ವರಿಯ ಮೇಲಿತ್ತು. ಅವಳಿಗಿದು ಮೊದಲ ಪಂದ್ಯ. ಮೈದಾನ ನೆಲ ಮುಟ್ಟಿದರೆ ತಂಡ ಸೋತಂತೆ.

ಮೈದಾನ ಮೆಲ್ಲಗೆ ಇಳಿಯತೊಡಗಿತು. ಅಂಚಿನಲ್ಲಿದ್ದ ಮ್ಯಾನೇಜರ್ ಎದ್ದು ತಾನೇ ಕೂಗಿದ. ಅದು ನಿಲ್ಲಲಿಲ್ಲ. ಕೊನೆಗೆ ಮಾಳಿಗೆಗಳತ್ತ ತಲೆಯೆತ್ತಿ ಕೈಮುಗಿದ. ಯಾರೂ ಮಿಸುಕಲಿಲ್ಲ.

ನೆಲಕ್ಕೆ ಗೇಣಷ್ಟೇ ಉಳಿದಾಗ ದಾನೇಶ್ವರಿ ಕಬಡ್ಡಿ ಕಬಡ್ಡಿ ಎನ್ನುತ್ತ ಗೆರೆ ದಾಟಿದಳು. ನೀಲವ್ವನ ಮಡಿಲಿನ ಶೇಂಗಾ ಚೆಲ್ಲಿತು.

"ಉಸರು ಬಿಡಬ್ಯಾಡ, ದಾನವ್ವಾ!"

ಮೈದಾನ ತುಸು ಮೇಲೆದ್ದಿತು.

"ಮಾತು ತಪ್ಪಿದಿ ನೋಡು," ಎಂದಳು ಶಾಂತವ್ವ.

"ಅವಂಗ ಕೂಗಲಿಲ್ಲವ್ವಾ, ನನ್ನ ಮಗಳಿಗೆ ಕೂಗೀನಿ."

ಶಾಂತವ್ವ ಎದ್ದು ನಿಂತು, ತಾನೂ ಗಂಟಲು ಬಿಚ್ಚಿದಳು. ಓಣಿಗೆ ಓಣಿಯೇ ಕೂಗಿತು.

ಮೈದಾನ ಇಳಿಬಿಸಿಲಿನಲ್ಲಿ ಮಾಳಿಗೆಯ ಮಟ್ಟಕ್ಕೆ ಏರಿ ಬಂದಾಗ, ಮ್ಯಾನೇಜರ್ ಮುಗಿದ ಕೈ ಇನ್ನೂ ಇಳಿಸಿರಲಿಲ್ಲ. ನೀಲವ್ವ ಅವನ ಕಡೆ ನೋಡಲಿಲ್ಲ. ಕೈಚಾಚಿ, ಗೆದ್ದು ಬಂದ ಮಗಳ ಬೆವರನ್ನು ಸೆರಗಿನಿಂದ ಒರೆಸಿದಳು.